ಸ್ಪರ್ಧಾ ಸೈಕಲ್ಲಿನ ಚಕ್ರ ನಡೆದು ಬಂದ ದಾರಿ

ಸೈಕಲ್ ಸ್ಪರ್ಧೆಗಳಲ್ಲಿ ಆಸಕ್ತಿಯುಳ್ಳ ವಿದ್ಯಾರ್ಥಿಗಳು ನಿಮ್ಮ ತರಗತಿಯಲ್ಲಿದ್ದರೆ ಈ ಪ್ರಶ್ನೆ ನಿಮಗೂ ಎದುರಾಗಿರಬಹುದು: "ಸಾರ್, ಸೈಕಲ್ ಜೊತೆ ಬಂದ ಚಕ್ರ ತುಂಬ ಭಾರ. ಸ್ವಲ್ಪ ದುಡ್ಡು ಕೂಡಿಸಿದ್ದೀನಿ. ಹಗುರವಾದ ಚಕ್ರ ಹಾಕಿಸಿದರೆ ಎಷ್ಟು ವೇಗ ಹೆಚ್ಚುತ್ತೆ?" ವಿಜಯಪುರ, ಬಾಗಲಕೋಟೆ ಜಿಲ್ಲೆಗಳು ನಾಡಿಗೆ ಅನೇಕ ರಾಷ್ಟ್ರಮಟ್ಟದ ಸೈಕಲ್ ಪಟುಗಳನ್ನು ಕೊಟ್ಟಿವೆ. ಅವರಲ್ಲಿ ರೈತಾಪಿ ಮನೆಗಳ ಮಕ್ಕಳೂ ಇದ್ದಾರೆ. ಹೆಸರಾಂತ ಕಂಪನಿಯ ಕಾರ್ಬನ್ ಚಕ್ರಗಳ ಒಂದು ಜೋಡಿಯ ಬೆಲೆ ಲಕ್ಷ ರೂಪಾಯಿಯನ್ನು ಸುಲಭವಾಗಿ ದಾಟುತ್ತದೆ. ಸಣ್ಣ ಹಿಡುವಳಿಯ ಮನೆಗೆ ಅದು ಒಂದು ಬೆಳೆಯ ಹಣ. ಹೀಗಾಗಿ "ಹಗುರವಾದದ್ದು ಒಳ್ಳೆಯದು" ಎಂದು ಹೇಳಿ ಕೈತೊಳೆದುಕೊಳ್ಳುವಂತಿಲ್ಲ. ಉತ್ತರ ಹುಡುಕಲು ಚಕ್ರದ ಚರಿತ್ರೆಯನ್ನೇ ಸ್ವಲ್ಪ ಕೆದಕಬೇಕು. ಯಾವ ಬದಲಾವಣೆ ನಿಜವಾಗಿ ವೇಗ ತಂದಿತು, ಯಾವುದು ಬರಿಯ ತೋರಿಕೆಯದು ಎಂಬುದು ಅಲ್ಲಿ ದಾಖಲಾಗಿದೆ.

ನಿಲ್ಲುವ ಚಕ್ರದಿಂದ ಎಳೆಯುವ ಚಕ್ರಕ್ಕೆ

ಎತ್ತಿನ ಗಾಡಿಯ ಚಕ್ರವನ್ನು ನೆನಪಿಸಿಕೊಳ್ಳಿ. ಅದರ ಅರಗಳು ದಪ್ಪ ಮರದವು. ಗಾಡಿಯ ಭಾರ ಅಚ್ಚಿನಿಂದ ಕೆಳಗಿನ ಅರಗಳ ಮೇಲೆ ಬೀಳುತ್ತದೆ, ಅವು ಕಂಬಗಳಂತೆ ಆ ಭಾರವನ್ನು ಹೊರುತ್ತವೆ. ಕಂಬ ತೆಳ್ಳಗಾದರೆ ಬಾಗುತ್ತದೆ, ಆದ್ದರಿಂದ ಅರ ದಪ್ಪವಾಗಿಯೇ ಇರಬೇಕು. 1817ರಲ್ಲಿ ಜರ್ಮನಿಯ ಮಾನ್‌ಹೈಮ್‌ನಲ್ಲಿ ಕಾರ್ಲ್ ಡ್ರೈಸ್ ತಯಾರಿಸಿದ, ಕಾಲಿನಿಂದ ನೆಲ ಒದ್ದು ಓಡಿಸುವ ಎರಡು ಚಕ್ರದ ವಾಹನಕ್ಕೂ, 1860ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಬಂದ ಪೆಡಲ್ ಸೈಕಲ್ಲಿಗೂ ಇದ್ದದ್ದು ಇಂಥ ಮರದ ಚಕ್ರಗಳೇ. ಕಬ್ಬಿಣದ ಪಟ್ಟಿ ಬಿಗಿದ ಈ ಸೈಕಲ್ಲಿಗೆ ಇಂಗ್ಲಿಷರು 'ಮೂಳೆ ಅಲುಗಾಡಿಸುವ ಯಂತ್ರ' ಎಂದು ಅಡ್ಡಹೆಸರಿಟ್ಟಿದ್ದರು.

ಇದಕ್ಕೆ ಬೇರೆಯದೇ ದಾರಿ ಇದೆಯೆಂದು ಮೊದಲು ಯೋಚಿಸಿದವನಿಗೆ ಸೈಕಲ್ಲಿನ ಗೊಡವೆಯೇ ಇರಲಿಲ್ಲ. ವಿಮಾನದ ಕನಸು ಕಾಣುತ್ತಿದ್ದ ಇಂಗ್ಲೆಂಡಿನ ಜಾರ್ಜ್ ಕೇಲಿ, ಹಾರುವ ಯಂತ್ರಕ್ಕೆ ಹಗುರವಾದ ಚಕ್ರ ಬೇಕೆಂದು 1808ರಲ್ಲಿ ತನ್ನ ಟಿಪ್ಪಣಿ ಪುಸ್ತಕದಲ್ಲಿ ಒಂದು ಚಿತ್ರ ಬರೆದ. ಅದರಲ್ಲಿ ಮರದ ಅರಗಳ ಬದಲು ಬಿಗಿದ ಹುರಿಗಳಿದ್ದವು. ಹುರಿ ಒತ್ತಡವನ್ನು ತಡೆಯದು, ಎಳೆತವನ್ನು ಮಾತ್ರ ತಡೆಯಬಲ್ಲುದು. ಎಲ್ಲ ಹುರಿಗಳನ್ನೂ ಮೊದಲೇ ಬಿಗಿಯಾಗಿ ಎಳೆದಿಟ್ಟರೆ ಚಕ್ರ ಗಟ್ಟಿಯಾಗುತ್ತದೆ ಎಂಬುದು ಅವನ ಹೊಳಹು.

ಇದರ ಬಲವನ್ನು ಒಂದು ಲೆಕ್ಕದಿಂದ ನೋಡಿ. 2 ಮಿಲಿಮೀಟರ್ ದಪ್ಪ, 30 ಸೆಂಟಿಮೀಟರ್ ಉದ್ದದ ಉಕ್ಕಿನ ಕಡ್ಡಿಯೊಂದನ್ನು ಎರಡು ತುದಿಗಳಿಂದ ಒತ್ತಿದರೆ, ಆಯ್ಲರನ ಸೂತ್ರದ ಪ್ರಕಾರ ಅದು ಸುಮಾರು 17 ನ್ಯೂಟನ್ ಬಲಕ್ಕೆ, ಅಂದರೆ ಎರಡು ಕಿಲೋಗ್ರಾಮಿಗಿಂತ ಕಡಿಮೆ ಭಾರಕ್ಕೆ ಬಾಗಿಬಿಡುತ್ತದೆ. ಅದೇ ಕಡ್ಡಿಯನ್ನು ಎಳೆದರೆ 1000 ನ್ಯೂಟನ್ನನ್ನು ಲೀಲಾಜಾಲವಾಗಿ ತಡೆದುಕೊಳ್ಳುತ್ತದೆ. ಇಂದಿನ ಒಳ್ಳೆಯ ಸೈಕಲ್ ಚಕ್ರದ ಒಂದೊಂದು ಕಡ್ಡಿಯಲ್ಲೂ ಹೆಚ್ಚುಕಡಿಮೆ ಅಷ್ಟೇ ಎಳೆತವಿರುತ್ತದೆ.

ಪ್ಯಾರಿಸ್ಸಿನ ಯೂಜೀನ್ ಮೇಯರ್ 1869ರಲ್ಲಿ ಒಂದೊಂದು ಕಡ್ಡಿಯನ್ನೂ ಪ್ರತ್ಯೇಕವಾಗಿ ಬಿಗಿಮಾಡಬಹುದಾದ ತಂತಿ ಚಕ್ರಕ್ಕೆ ಪೇಟೆಂಟ್ ಪಡೆದ. ಮರುವರ್ಷ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಜೇಮ್ಸ್ ಸ್ಟಾರ್ಲಿ ಮತ್ತು ವಿಲಿಯಂ ಹಿಲ್‌ಮನ್ 'ಏರಿಯಲ್' ಸೈಕಲ್ಲಿಗೆ ಪೇಟೆಂಟ್ ಮಾಡಿಸಿದರು. ಅದರ ಕಡ್ಡಿಗಳು ಕೇಂದ್ರದಿಂದ ನೇರವಾಗಿ ಹೊರಚಾಚಿದ್ದವು. ಇಲ್ಲೊಂದು ತೊಡಕಿತ್ತು. ಪೆಡಲ್ ತುಳಿದಾಗ ಹಬ್ ತಿರುಗಲು ಹೊರಡುತ್ತದೆ, ಆದರೆ ತ್ರಿಜ್ಯದ ಗುಂಟ ಇರುವ ಕಡ್ಡಿಗೆ ಆ ತಿರುಚುಬಲವನ್ನು ರಿಮ್ಮಿಗೆ ಸಾಗಿಸುವ ಸಾಮರ್ಥ್ಯ ತೀರ ಕಡಿಮೆ. 1874ರಲ್ಲಿ ಸ್ಟಾರ್ಲಿ ಕಡ್ಡಿಗಳನ್ನು ಹಬ್ಬಿನ ಅಂಚಿಗೆ ಸ್ಪರ್ಶಕದಂತೆ ಓರೆಯಾಗಿ, ಒಂದನ್ನೊಂದು ಅಡ್ಡಹಾಯುವಂತೆ ಜೋಡಿಸಿದ. ನಿಮ್ಮ ಮನೆಯ ಸೈಕಲ್ಲಿನ ಹಿಂಚಕ್ರವನ್ನು ನೋಡಿ, ಅದು ಇಂದಿಗೂ ಸ್ಟಾರ್ಲಿಯ ಚಕ್ರವೇ.

ಈ ಚಕ್ರದಲ್ಲಿ ಭಾರ ಹೇಗೆ ಹಂಚಿಕೆಯಾಗುತ್ತದೆ? ಆರ್ಚಿಬಾಲ್ಡ್ ಶಾರ್ಪ್ 1896ರ ತನ್ನ ಗ್ರಂಥದಲ್ಲಿ ಸೈಕಲ್ಲಿನ ಬಲವಿಜ್ಞಾನವನ್ನು ವಿವರವಾಗಿ ಚರ್ಚಿಸಿದ್ದಾನೆ. ಅಮೆರಿಕದ ಎಂಜಿನಿಯರ್ ಜಾಬ್ಸ್ಟ್ ಬ್ರಾಂಟ್ 1981ರ ತನ್ನ ಪುಸ್ತಕದಲ್ಲಿ ಕಂಪ್ಯೂಟರ್ ಲೆಕ್ಕದ ಮೂಲಕ ಒಂದು ವಿಚಿತ್ರವನ್ನು ಎತ್ತಿ ತೋರಿಸಿದ. ಸವಾರ ಕುಳಿತಾಗ ಮೇಲಿನ ಕಡ್ಡಿಗಳ ಎಳೆತ ಗಣನೀಯವಾಗಿ ಹೆಚ್ಚುವುದಿಲ್ಲ, ನೆಲಕ್ಕೆ ತಾಗಿರುವ ಭಾಗದ ಕೆಲವೇ ಕಡ್ಡಿಗಳ ಎಳೆತ ಕುಗ್ಗುತ್ತದೆ. ಹಬ್ ಮೇಲಿನಿಂದ ನೇತಾಡುತ್ತಿದೆಯೋ, ಕೆಳಗಿನ ಕಡ್ಡಿಗಳ ಮೇಲೆ ನಿಂತಿದೆಯೋ ಎಂಬ ವಾದ ಇದರಿಂದ ಬಿಸಿಯೇರಿತು. ನನ್ನ ಅಭಿಪ್ರಾಯದಲ್ಲಿ ಅದು ಪದಗಳ ಜಗಳ. ಅಳತೆಯಲ್ಲಿ ಎರಡು ಪಕ್ಷದವರಿಗೂ ಭಿನ್ನಾಭಿಪ್ರಾಯವಿಲ್ಲ. ಇದನ್ನು ತರಗತಿಯಲ್ಲೇ ತೋರಿಸಬಹುದು. ಕೆಳಭಾಗದ ಕಡ್ಡಿಯನ್ನು ತಂಬೂರಿಯ ತಂತಿಯಂತೆ ಮೀಟಿ. ಒಬ್ಬರನ್ನು ಸೀಟಿನ ಮೇಲೆ ಕೂರಿಸಿ ಮತ್ತೆ ಮೀಟಿ. ನಾದದ ಸ್ಥಾಯಿ ಇಳಿಯುತ್ತದೆ.

ಈ ಪ್ರಯೋಗಕ್ಕೂ ಕಿಸೆಗೂ ಸಂಬಂಧವಿದೆ. ಚಕ್ರದ ಸುತ್ತಳತೆ ಸುಮಾರು 2.1 ಮೀಟರ್. ಒಂದು ಸಾವಿರ ಕಿಲೋಮೀಟರ್ ಓಡುವಷ್ಟರಲ್ಲಿ ಪ್ರತಿಯೊಂದು ಕಡ್ಡಿಯೂ ಹತ್ತಿರಹತ್ತಿರ 4.8 ಲಕ್ಷ ಬಾರಿ ಸಡಿಲಗೊಂಡು ಬಿಗಿಯಾಗುತ್ತದೆ. ಕಡ್ಡಿಗಳು ಸಾಮಾನ್ಯವಾಗಿ ತುಂಡಾಗುವುದು ಹೆಚ್ಚಿನ ಭಾರದಿಂದಲ್ಲ, ಈ ಲೋಹದ ದಣಿವಿನಿಂದ. ಎಳೆತ ಒಂದೇ ಸಮನಾಗಿಲ್ಲದ ಚಕ್ರದಲ್ಲಿ ಕೆಲವು ಕಡ್ಡಿಗಳು ಬೇಗ ದಣಿಯುತ್ತವೆ. ಬೆಂಡ್ ತೆಗೆಯುವುದರಲ್ಲಿ ಪಳಗಿದ ಮೆಕ್ಯಾನಿಕ್ ಕಡ್ಡಿ ಮೀಟಿ ಕಿವಿಗೊಡುವುದು ಸುಮ್ಮನೆ ಅಲ್ಲ.

ಅಂಗಳದಲ್ಲಿ ಉರುಳಿದ ಎರಡು ಚಕ್ರಗಳು

1885ರಲ್ಲಿ ಜಾನ್ ಕೆಂಪ್ ಸ್ಟಾರ್ಲಿ, ಅಂದರೆ ಹಿಂದೆ ಹೇಳಿದ ಸ್ಟಾರ್ಲಿಯ ಸೋದರಪುತ್ರ, ಸರಪಳಿಯಿಂದ ಹಿಂಚಕ್ರ ತಿರುಗಿಸುವ 'ರೋವರ್' ಸೈಕಲ್ಲನ್ನು ತಂದ. ಆಳೆತ್ತರದ ಮುಂಚಕ್ರದ ಅಗತ್ಯ ಹೋಯಿತು. ಆದರೆ ಚಕ್ರ ಚಿಕ್ಕದಾದಷ್ಟೂ ಕಲ್ಲುಗುಂಡಿಗಳ ಪೆಟ್ಟು ಹೆಚ್ಚು. ಗಟ್ಟಿ ರಬ್ಬರಿನ ಟೈರು ಇದನ್ನು ತಡೆಯಲಾರದಾಯಿತು.

ಬೆಲ್‌ಫಾಸ್ಟ್‌ನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ 1887ರಲ್ಲಿ ಮಗನ ಮೂರು ಚಕ್ರದ ಸೈಕಲ್ಲಿಗಾಗಿ ಮರದ ತಟ್ಟೆಯೊಂದಕ್ಕೆ ಗಾಳಿ ತುಂಬಿದ ರಬ್ಬರ್ ಕೊಳವೆ ಸುತ್ತಿದ. ಆಮೇಲೆ ಮಾಡಿದ ಕೆಲಸದಲ್ಲಿ ಅವನೊಳಗಿನ ವಿಜ್ಞಾನಿ ಕಾಣುತ್ತಾನೆ. ಸೈಕಲ್ಲಿನ ಹಳೆಯ ಚಕ್ರವನ್ನೂ ಗಾಳಿ ತುಂಬಿದ ತಟ್ಟೆಯನ್ನೂ ಅಂಗಳದಲ್ಲಿ ಉರುಳಿಸಿದ. ಹಳೆಯದು ಅಂಗಳದ ನಡುವೆಯೇ ನಿಂತಿತು, ಗಾಳಿಯದು ಕೊನೆಯವರೆಗೂ ಹೋಗಿ ಗೇಟಿನ ಕಂಬಕ್ಕೆ ಬಡಿದು ಪುಟಿಯಿತು. 1888ರಲ್ಲಿ ಪೇಟೆಂಟ್ ದೊರೆಯಿತು. ಸ್ಕಾಟ್ಲೆಂಡಿನ ರಾಬರ್ಟ್ ಥಾಮ್ಸನ್ 1845ರಲ್ಲೇ ಇದೇ ತತ್ತ್ವಕ್ಕೆ ಪೇಟೆಂಟ್ ಪಡೆದಿದ್ದುದರಿಂದ ಮುಂದೆ ಅದು ಅಸಿಂಧುವಾಯಿತು. 1889ರ ಮೇ 18ರಂದು ವಿಲ್ಲಿ ಹ್ಯೂಮ್ ಎಂಬ ಸವಾರ ಈ ದಪ್ಪ ಟೈರುಗಳ ಸೈಕಲ್ ಏರಿ ಬೆಲ್‌ಫಾಸ್ಟ್‌ನ ಕಾಲೇಜು ಕ್ರೀಡಾಕೂಟದಲ್ಲಿ ತಾನು ಭಾಗವಹಿಸಿದ ಸ್ಪರ್ಧೆಗಳನ್ನು ಗೆದ್ದ. 1891ರಲ್ಲಿ ಮಿಶೆಲಿನ್ ಕಂಪನಿ ಕಳಚಬಹುದಾದ ಟೈರು ತಂದಿತು, ಶಾರ್ಲ್ ತೆರೋಂ ಅದನ್ನು ಹಾಕಿಕೊಂಡು ಸುಮಾರು 1200 ಕಿಲೋಮೀಟರಿನ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಸ್ಪರ್ಧೆ ಗೆದ್ದ.

ಗಾಳಿಯ ಟೈರು ಯಾಕೆ ಸಲೀಸು? ಉರುಳುವ ಟೈರು ನೆಲ ತಾಗಿದಲ್ಲಿ ಚಪ್ಪಟೆಯಾಗಿ ಮತ್ತೆ ಗುಂಡಗಾಗುತ್ತದೆ. ಚಪ್ಪಟೆಯಾಗಲು ಹಿಡಿದ ಶಕ್ತಿಯ ಒಂದಂಶ ಮರಳಿ ಬರದೆ ರಬ್ಬರಿನಲ್ಲಿ ಉಷ್ಣವಾಗಿ ಹೋಗುತ್ತದೆ. ಗಾಳಿ ಒಳ್ಳೆಯ ಸ್ಪ್ರಿಂಗು, ಅದು ಪಡೆದುದನ್ನು ಬಹುಮಟ್ಟಿಗೆ ಹಿಂದಿರುಗಿಸುತ್ತದೆ. ಜೊತೆಗೆ, ಸಣ್ಣ ಕಲ್ಲು ಸಿಕ್ಕರೆ ಟೈರು ಅದನ್ನು ತನ್ನೊಳಗೆ ನುಂಗಿಕೊಳ್ಳುತ್ತದೆ, ಇಡೀ ಸೈಕಲ್ಲು ಮತ್ತು ಸವಾರ ಮೇಲೆ ನೆಗೆಯಬೇಕಾಗಿಲ್ಲ. ಈ ಎರಡನೆಯ ಕಾರಣವನ್ನು ಸ್ಪರ್ಧಾಲೋಕ ಬಹುಕಾಲ ಮರೆತಿತ್ತು. ಈ ಶತಮಾನದ ಮೊದಲ ದಶಕದಲ್ಲಿ 23 ಮಿಲಿಮೀಟರ್ ಅಗಲದ ಟೈರಿಗೆ 8 ಬಾರ್ ಒತ್ತಡ ತುಂಬುವುದು ರೂಢಿಯಾಗಿತ್ತು. ಈಗ ಅದೇ ಸ್ಪರ್ಧಿಗಳು 28, 30 ಮಿಲಿಮೀಟರ್ ಟೈರಿಗೆ ಹೆಚ್ಚೆಂದರೆ 5 ಬಾರ್ ಹಾಕುತ್ತಾರೆ. ಒರಟು ರಸ್ತೆಯಲ್ಲಿ ಕಲ್ಲಿನಂತೆ ಬಿಗಿದ ಟೈರು ಶಕ್ತಿಯನ್ನು ಸವಾರನ ಮೈಯ ಕಂಪನದಲ್ಲಿ ಪೋಲು ಮಾಡುತ್ತದೆ ಎಂಬುದು ಅಳತೆಯಿಂದ ಖಚಿತವಾದ ಮೇಲೆ ಬಂದ ಬದಲಾವಣೆ ಇದು. ನಮ್ಮ ರಸ್ತೆಗಳಿಗೆ ಇದು ಇನ್ನೂ ಹೆಚ್ಚು ಅನ್ವಯಿಸುತ್ತದೆ.

ಹಗುರದ ಗೀಳು, ಗಾಳಿಯ ಪಾಠ

ಟೈರಿನ ಸಮಸ್ಯೆ ಮುಗಿಯಿತೆಂದು ಭಾವಿಸಿದ ಮೇಲೆ ಗಮನವೆಲ್ಲ ತೂಕದತ್ತ ಹರಿಯಿತು. ಮರದ ರಿಮ್ಮಿನ ಜಾಗಕ್ಕೆ 1930ರ ದಶಕದಲ್ಲಿ ಅಲ್ಯೂಮಿನಿಯಂ ಮಿಶ್ರಲೋಹ ಬಂದಿತು. 1934ರ ಟೂರ್ ಡಿ ಫ್ರಾನ್ಸ್ ಗೆದ್ದ ಆಂತೊನಾಂ ಮಾನ್ಯ, ನಿಯಮಕ್ಕೆ ಸಿಕ್ಕಿಬೀಳದಿರಲು ಲೋಹದ ರಿಮ್ಮಿಗೆ ಮರದ ಬಣ್ಣ ಬಳಿಸಿದ್ದನೆಂಬ ಕಥೆ ಪ್ರಸಿದ್ಧ. ಎಡ್ಡಿ ಮರ್ಕ್ಸ್ 1972ರಲ್ಲಿ ಮೆಕ್ಸಿಕೋ ನಗರದಲ್ಲಿ ಒಂದು ಗಂಟೆಗೆ 49.431 ಕಿಲೋಮೀಟರ್ ಓಡಿದ ಸೈಕಲ್ಲು ಆರು ಕಿಲೋಗ್ರಾಮಿಗಿಂತ ಹಗುರ.

ಅದೇ ನಗರದಲ್ಲಿ 1984ರ ಜನವರಿಯಲ್ಲಿ ಫ್ರಾನ್ಸೆಸ್ಕೊ ಮೋಸರ್ ಕಡ್ಡಿಗಳೇ ಇಲ್ಲದ ತಟ್ಟೆಯಾಕಾರದ ಚಕ್ರಗಳೊಂದಿಗೆ ಬಂದ. ಅವು ಹಗುರವೇನಲ್ಲ. ಆದರೆ ಗಾಳಿಯನ್ನು ಕಡೆಯುವ ಕಡ್ಡಿಗಳಿಲ್ಲದ್ದರಿಂದ ತಡೆ ಕಡಿಮೆ. ನಾಲ್ಕು ದಿನಗಳ ಅಂತರದಲ್ಲಿ ಎರಡು ಬಾರಿ ದಾಖಲೆ ಮುರಿದು 51.151 ಕಿಲೋಮೀಟರ್ ತಲುಪಿದ. ಶ್ರೇಯವೆಲ್ಲ ಚಕ್ರದ್ದಲ್ಲ ನಿಜ. 1989ರ ಟೂರ್‌ನ ಕೊನೆಯ ದಿನ ಇದು ಇನ್ನೊಂದು ರೀತಿಯಲ್ಲಿ ಬಯಲಾಯಿತು. ಲೋರಾಂ ಫಿನ್ಯೋನ್‌ಗೆ ಎರಡೂ ತಟ್ಟೆ ಚಕ್ರಗಳು. ಗ್ರೆಗ್ ಲೆಮಾಂಡ್‌ಗೆ ಹಿಂದೆ ಮಾತ್ರ ತಟ್ಟೆ, ಆದರೆ ಮೊಣಕೈ ಊರಿ ಮೈಯನ್ನು ಕಿರಿದಾಗಿಸುವ ಹ್ಯಾಂಡಲ್ಲು ಮತ್ತು ನೀಳ ಹೆಲ್ಮೆಟ್. 24.5 ಕಿಲೋಮೀಟರಿನಲ್ಲಿ ಲೆಮಾಂಡ್ 58 ಸೆಕೆಂಡು ಗಳಿಸಿ, ಇಡೀ ಟೂರನ್ನು 8 ಸೆಕೆಂಡುಗಳಿಂದ ಗೆದ್ದ. ಗಾಳಿಯ ತಡೆಯಲ್ಲಿ ಸಿಂಹಪಾಲು ಸವಾರನ ದೇಹದ್ದು, ಚಕ್ರದ ಪಾಲು ಚಿಕ್ಕದು.

2000ದಲ್ಲಿ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಸ್ಪರ್ಧಾ ಸೈಕಲ್ಲು 6.8 ಕಿಲೋಗ್ರಾಮಿಗಿಂತ ಹಗುರವಿರಬಾರದೆಂದು ನಿಯಮ ಮಾಡಿತು. ಆ ಮಿತಿಯನ್ನು ಮುಟ್ಟಿದ ತಯಾರಕರು ಆಳವಾದ ಕಾರ್ಬನ್ ರಿಮ್ಮುಗಳತ್ತ ಹೊರಳಿದರು. ಇವತ್ತು ಅಂಗಡಿಯಲ್ಲಿ ಹೊಳೆಯುವುದು ಈ ಚರಿತ್ರೆಯ ಕೊನೆಯ ಅಧ್ಯಾಯ ಮಾತ್ರ.

ಈಗ ಲೆಕ್ಕ

"ಚಕ್ರದ ಒಂದು ಗ್ರಾಂ ಫ್ರೇಮಿನ ಎರಡು ಗ್ರಾಮಿಗೆ ಸಮ" ಎಂಬ ಮಾತನ್ನು ನೀವು ಕೇಳಿರಬಹುದು. ಅದು ಸುಳ್ಳಲ್ಲ. ರಿಮ್ಮು ಮುಂದಕ್ಕೂ ಚಲಿಸುತ್ತದೆ, ತಿರುಗುತ್ತದೆ ಕೂಡ. ಎರಡು ಚಲನಶಕ್ತಿಗಳೂ ಸಮ. ಆದರೆ ಈ ದುಪ್ಪಟ್ಟು ಲೆಕ್ಕ ವೇಗ ಹೆಚ್ಚಿಸುವಾಗ ಮಾತ್ರ ಸಲ್ಲುತ್ತದೆ. ಸವಾರ ಮತ್ತು ಸೈಕಲ್ಲು ಸೇರಿ 75 ಕಿಲೋಗ್ರಾಂ ಇದ್ದು, ರಿಮ್ಮಿನಲ್ಲಿ 400 ಗ್ರಾಂ ಉಳಿಸಿದರೆ ವೇಗೋತ್ಕರ್ಷದಲ್ಲಿ ಆಗುವ ಲಾಭ ಶೇಕಡಾ ಒಂದರಷ್ಟು. ಸಮವೇಗದಲ್ಲಿ ಸೊನ್ನೆ.

ಹಾಗಾದರೆ ಬೆಟ್ಟ ಹತ್ತುವಾಗ? ಶೇಕಡಾ 5ರ ಇಳಿಜಾರಿನ, 8 ಕಿಲೋಮೀಟರಿನ, 400 ಮೀಟರ್ ಎತ್ತರದ ಏರು ಎಂದಿಟ್ಟುಕೊಳ್ಳಿ. 200 ವ್ಯಾಟ್ ಸಾಮರ್ಥ್ಯದಲ್ಲಿ ತುಳಿಯುವವನಿಗೆ ಸುಮಾರು ಅರ್ಧ ಗಂಟೆ ಬೇಕು, ಅಂದರೆ ಒಟ್ಟು 360 ಕಿಲೋಜೂಲ್. 400 ಗ್ರಾಂ ಕಡಿಮೆಯಾದರೆ ಉಳಿಯುವುದು 1.6 ಕಿಲೋಜೂಲ್, ಸಮಯದಲ್ಲಿ ಏಳೆಂಟು ಸೆಕೆಂಡು. ಇನ್ನು ಚಕ್ರ ಬದಲಿಸದೆ ಟೈರು ಮಾತ್ರ ಬದಲಿಸಿ. ಅಗ್ಗದ ಟೈರಿನ ಉರುಳು ಘರ್ಷಣಾಂಕ 0.006, ಒಳ್ಳೆಯದರದು 0.004 ಎಂದರೆ ತಡೆಯ ಬಲ 4.4 ನ್ಯೂಟನ್ನಿನಿಂದ 2.9ಕ್ಕೆ ಇಳಿಯುತ್ತದೆ. 8 ಕಿಲೋಮೀಟರಿಗೆ ಉಳಿತಾಯ ಸುಮಾರು 12 ಕಿಲೋಜೂಲ್, ಹತ್ತಿರಹತ್ತಿರ 50 ಸೆಕೆಂಡು. ಹಗುರ ಚಕ್ರದ ಸ್ವಂತ ಅಖಾಡವಾದ ಏರುದಾರಿಯಲ್ಲೇ ಟೈರು ಅದನ್ನು ಏಳು ಪಟ್ಟು ಹಿಂದಿಕ್ಕಿತು! ಸಮತಟ್ಟು ರಸ್ತೆಯಲ್ಲಿ ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ ಇದೇ ಟೈರು 15 ವ್ಯಾಟ್ ಉಳಿಸುತ್ತದೆ. ಬೆಲೆಯಲ್ಲಿ ಅದು ಕಾರ್ಬನ್ ಚಕ್ರದ ಒಂದು ಸಣ್ಣ ಅಂಶ.

ಆದ್ದರಿಂದ ವಿದ್ಯಾರ್ಥಿ ಕೇಳಿದರೆ ನಾನು ಹೇಳುವುದು ಹೀಗೆ. ಮೊದಲ ಹಣ ಒಳ್ಳೆಯ ಟೈರು ಟ್ಯೂಬುಗಳಿಗೆ, ಫ್ರೇಮಿನಲ್ಲಿ ಜಾಗವಿದ್ದರೆ 28 ಮಿಲಿಮೀಟರಿನವು. ಆಮೇಲೆ ಇರುವ ಚಕ್ರದ ಬೆಂಡ್ ತೆಗೆಸಿ, ಎಳೆತ ಸಮ ಮಾಡಿಸಿ, ಹಬ್ಬಿನ ಬೇರಿಂಗಿಗೆ ಹೊಸ ಗ್ರೀಸ್ ಹಾಕಿಸಬೇಕು. ಇಷ್ಟಾದ ಮೇಲೂ ಹಣ ಉಳಿದರೆ ಅಥವಾ ಹಳೆಯ ರಿಮ್ಮು ಬ್ರೇಕಿನಿಂದ ಸವೆದಿದ್ದರೆ ಮಾತ್ರ ಹೊಸ ಚಕ್ರ. ಆಗಲೂ ಅಲ್ಯೂಮಿನಿಯಂ ರಿಮ್ಮು, ಎಲ್ಲ ಅಂಗಡಿಗಳಲ್ಲೂ ಸಿಗುವ ಸಾಮಾನ್ಯ ಕಡ್ಡಿ, 28 ಅಥವಾ 32ರ ಸಂಖ್ಯೆ. ಇಪ್ಪತ್ತೇ ಕಡ್ಡಿಗಳ ಚಕ್ರದಲ್ಲಿ ಒಂದು ತುಂಡಾದರೆ ರಿಮ್ಮು ಫ್ರೇಮಿಗೆ ಉಜ್ಜುವಷ್ಟು ಡೊಂಕಾಗಬಹುದು. 32ರದ್ದರಲ್ಲಿ ಸಾಮಾನ್ಯವಾಗಿ ನಿಧಾನವಾಗಿ ಮನೆ ಸೇರಬಹುದು. ಕೊಳ್ಳುವ ಮುನ್ನ ಬ್ರೇಕು ರಿಮ್ಮಿನದೋ ಡಿಸ್ಕಿನದೋ, ಹಿಂದಿನ ಹಬ್ಬಿಗೆ ನಿಮ್ಮ ಗೇರು ಕೂರುತ್ತದೆಯೋ ಎಂದು ನೋಡಿಕೊಳ್ಳಿ. ರಿಮ್ ಬ್ರೇಕಿನ ಅಗ್ಗದ ಕಾರ್ಬನ್ ಚಕ್ರವನ್ನಂತೂ ನಾನು ಯಾರಿಗೂ ಸೂಚಿಸಲಾರೆ. ಉದ್ದನೆಯ ಇಳಿಜಾರಿನಲ್ಲಿ ಬ್ರೇಕಿನ ಉಷ್ಣಕ್ಕೆ ಅದರ ರಾಳ ಮೆತ್ತಗಾಗುವ ಅಪಾಯವಿದೆ.

ನನ್ನ ಅಂಕಿಗಳನ್ನೇ ನಂಬಬೇಕಾಗಿಲ್ಲ. ಡನ್‌ಲಪ್‌ನ ಅಂಗಳದ ಪ್ರಯೋಗವನ್ನು ನೀವೇ ಮಾಡಬಹುದು. ವಾಹನ ಸಂಚಾರವಿಲ್ಲದ, ಸಣ್ಣ ಇಳಿಜಾರಿನ ನಂತರ ಸಮತಟ್ಟಾಗುವ ಜಾಗ ಹುಡುಕಿ. ಕಾಲೇಜಿನ ಆವರಣದ ಡಾಂಬರು ದಾರಿ ಸಾಕು. ಗೆರೆಯೊಂದರ ಮೇಲೆ ನಿಂತು, ಪೆಡಲ್ ತುಳಿಯದೆ ಬ್ರೇಕು ಬಿಟ್ಟು, ಸೈಕಲ್ಲು ನಿಲ್ಲುವ ಜಾಗಕ್ಕೆ ಗುರುತು ಹಾಕಿ. ಸವಾರ, ಕುಳಿತ ಭಂಗಿ, ಬಟ್ಟೆ ಒಂದೇ ಇರಲಿ. ಟೈರಿನ ಒತ್ತಡವನ್ನು ಅಥವಾ ಟೈರನ್ನು ಮಾತ್ರ ಬದಲಿಸಿ, ಪ್ರತಿ ಸಲಕ್ಕೂ ಹತ್ತು ಓಟಗಳ ಸರಾಸರಿ ತೆಗೆಯಿರಿ. ವೇಗ ಕಡಿಮೆಯಿದ್ದಷ್ಟೂ ಗಾಳಿಯ ತಡೆಯ ಪಾಲು ಕುಗ್ಗಿ ಟೈರಿನದು ಎದ್ದು ಕಾಣುತ್ತದೆ. ಬೆಳಗಿನ ಜಾವ, ಗಾಳಿ ಬೀಸಲು ತೊಡಗುವ ಮುನ್ನ ಮಾಡಿದರೆ ಒಳ್ಳೆಯದು.