ಜಲ-ಅರಣ್ಯ ವಿಜ್ಞಾನಿ: ಅಧ್ಯಯನ ಮತ್ತು ವೃತ್ತಿಯ ಹಾದಿ

ಮಲೆನಾಡು ಬಯಲುಸೀಮೆಗೆ ಇಳಿಯುವ ಅಂಚಿನಲ್ಲಿ ಹಾವೇರಿ ಜಿಲ್ಲೆಯಿದೆ. ಪಶ್ಚಿಮದ ಹಾನಗಲ್ಲ ಅರೆಮಲೆನಾಡು. ಭತ್ತದ ಗದ್ದೆ ಹಾಗೂ ಕೆರೆಗಳ ಸೀಮೆ. ಶಿಗ್ಗಾವಿಯನ್ನು ದಾಟಿ ಸವಣೂರಿನತ್ತ ಸಾಗಿದಂತೆ ಮಳೆ ಕಡಿಮೆಯಾಗಿ ಎರೆಭೂಮಿ ಎದುರಾಗುತ್ತದೆ. ಸಾಗರ ತಾಲ್ಲೂಕಿನ ವರದಾಮೂಲದಲ್ಲಿ ಹುಟ್ಟುವ ವರದಾ ನದಿಯು ಹಾನಗಲ್ಲ, ಸವಣೂರು ಸೀಮೆಗಳ ಮೂಲಕ ಹರಿದು ಗಳಗನಾಥದ ಬಳಿ ತುಂಗಭದ್ರೆಯನ್ನು ಸೇರುತ್ತದೆ. ಹಿರೇಕೆರೂರು ಭಾಗದಲ್ಲಿ ಕುಮುದ್ವತಿ ಹರಿಯುತ್ತದೆ. ಮಾಸೂರಿನ ಬಳಿಯ ಮದಗದ ಕೆರೆಗೆ ಇದೇ ನದಿ ಆಧಾರ. ಕಾಡು, ಕೆರೆ, ನದಿಗಳ ಈ ನಂಟನ್ನು ಅಳೆದು ವಿವರಿಸುವುದೇ ಜಲ-ಅರಣ್ಯ ವಿಜ್ಞಾನಿಯ ಕೆಲಸ.

ಕಾರ್ಯದ ಸ್ವರೂಪ

ಮಳೆಯ ಪ್ರಮಾಣ, ಹೊಳೆಯ ಹರಿವು, ಮಣ್ಣು ನೀರನ್ನು ಹೀರುವ ವೇಗ, ಕೆರೆಯ ಹೂಳು, ಬಾವಿಗಳ ಮಟ್ಟ ಇವುಗಳನ್ನು ವರ್ಷಗಟ್ಟಲೆ ದಾಖಲಿಸಬೇಕಾಗುತ್ತದೆ. ಪರಿಸರ ವಿಜ್ಞಾನಿ ಜಗದೀಶ್ ಕೃಷ್ಣಸ್ವಾಮಿ ಮತ್ತು ಸಂಗಡಿಗರು ಉತ್ತರ ಕನ್ನಡದಲ್ಲಿ ಸಹಜ ಅರಣ್ಯ, ಶಿಥಿಲಗೊಂಡ ಅರಣ್ಯ ಹಾಗೂ ಅಕೇಶಿಯಾ ನೆಡುತೋಪುಗಳನ್ನು ಹೋಲಿಸಿ ನಡೆಸಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಶಿಥಿಲ ಅರಣ್ಯದಲ್ಲಿ ಮಳೆನೀರಿನ ಹೆಚ್ಚಿನ ಪಾಲು ಹರಿದುಹೋಗುತ್ತದೆ. ಸಹಜ ಅರಣ್ಯದ ಮಣ್ಣು ನೀರನ್ನು ಚೆನ್ನಾಗಿ ಇಂಗಿಸುತ್ತದೆ. ಆದರೆ ಮರಗಳು ಸ್ವತಃ ನೀರನ್ನು ಬಳಸುವುದರಿಂದ, ಗಿಡ ನೆಟ್ಟ ಮಾತ್ರಕ್ಕೆ ಅಂತರ್ಜಲ ಹೆಚ್ಚುತ್ತದೆ ಎನ್ನಲಾಗದು.

ಶಿಕ್ಷಣ

ಪಿಯುಸಿಯಲ್ಲಿ ವಿಜ್ಞಾನ ವಿಷಯ ಅಗತ್ಯ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಶಿರಸಿ ಅರಣ್ಯ ಮಹಾವಿದ್ಯಾಲಯದಲ್ಲಿ ನಾಲ್ಕು ವರ್ಷಗಳ ಬಿ.ಎಸ್ಸಿ. (ಅರಣ್ಯ) ಪದವಿಯಿದ್ದು, ಸಿಇಟಿ ಮೂಲಕ ಪ್ರವೇಶ ದೊರೆಯುತ್ತದೆ. ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದೆ. ಸಸ್ಯಶಾಸ್ತ್ರ, ಭೂವಿಜ್ಞಾನ, ಸಿವಿಲ್ ಎಂಜಿನಿಯರಿಂಗ್ ಓದಿದವರೂ ಸ್ನಾತಕೋತ್ತರ ಹಂತದಲ್ಲಿ ಈ ಕ್ಷೇತ್ರವನ್ನು ಪ್ರವೇಶಿಸಬಹುದು. ಸಂಶೋಧನೆಗೆ ಪಿಎಚ್.ಡಿ. ಅವಶ್ಯಕ, ನೆಟ್ ಪರೀಕ್ಷೆಯ ಮೂಲಕ ಶಿಷ್ಯವೇತನ ಪಡೆಯಲು ಅವಕಾಶವಿದೆ. ಸಂಖ್ಯಾಶಾಸ್ತ್ರದ ತಿಳಿವಳಿಕೆ ಇಲ್ಲದೆ ಮುನ್ನಡೆಯುವುದು ಕಷ್ಟ.

ಉದ್ಯೋಗಾವಕಾಶ

ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನಗಳ ಕೇಂದ್ರ, ಬೆಂಗಳೂರಿನ ಏಟ್ರೀ, ರಾಷ್ಟ್ರೀಯ ಜಲವಿಜ್ಞಾನ ಸಂಸ್ಥೆಯ ಬೆಳಗಾವಿ ಪ್ರಾದೇಶಿಕ ಕೇಂದ್ರಗಳು ಈ ಕ್ಷೇತ್ರದಲ್ಲಿ ಸಂಶೋಧನೆ ನಡೆಸುತ್ತವೆ. ಮಾಲಿನ್ಯ ನಿಯಂತ್ರಣ ಮಂಡಳಿ, ಅಂತರ್ಜಲ ಇಲಾಖೆ, ಅರಣ್ಯ ಇಲಾಖೆಗಳಲ್ಲಿಯೂ ಹುದ್ದೆಗಳಿವೆ. ಭಾರತೀಯ ಅರಣ್ಯ ಸೇವೆಗೆ ಯುಪಿಎಸ್‌ಸಿ ಪರೀಕ್ಷೆ ಬರೆಯಬೇಕು. ಸಂಶೋಧನಾ ಯೋಜನೆಗಳ ಆರಂಭಿಕ ಹುದ್ದೆಗಳು ಬಹುಪಾಲು ತಾತ್ಕಾಲಿಕವಾಗಿದ್ದು, ಕಾಯಂ ಸ್ಥಾನಕ್ಕೆ ದೀರ್ಘಕಾಲ ಕಾಯಬೇಕಾಗಬಹುದು.

ಪ್ರಸ್ತುತತೆ

2019ರ ಆಗಸ್ಟ್‌ನಲ್ಲಿ ವರದಾ ಉಕ್ಕಿ ಹಾವೇರಿ ಜಿಲ್ಲೆಯ ನದಿತೀರದ ಗ್ರಾಮಗಳು ಜಲಾವೃತವಾದವು. ಮಳೆ ಕೈಕೊಟ್ಟ ವರ್ಷ ಅದೇ ಸೀಮೆಯಲ್ಲಿ ಕುಡಿಯುವ ನೀರಿಗೂ ಬವಣೆ. ಬೇಡ್ತಿ-ವರದಾ ಜೋಡಣೆಯನ್ನು ಬಯಲಿನ ರೈತರು ಬಯಸಿದರೆ, ಘಟ್ಟದ ಜನ ವಿರೋಧಿಸುತ್ತಾರೆ. ಘಟ್ಟದಲ್ಲಿ ನಿಜಕ್ಕೂ ಹೆಚ್ಚುವರಿ ನೀರಿದೆಯೇ ಎಂಬ ಪ್ರಶ್ನೆಗೆ ಘೋಷಣೆಗಳಿಂದ ಉತ್ತರ ದೊರೆಯದು. ಹೊಳೆಯ ದಂಡೆಯಲ್ಲಿ ನಿಂತು ವರ್ಷಾನುಗಟ್ಟಲೆ ಅಳೆದವರ ಲೆಕ್ಕ ಬೇಕು.