ಹೊಸೂರು ರಸ್ತೆಯ ಹೊಲಗಳೂ ಬೆಂಗಳೂರಿನ ಬಂದೂಕುಗಳೂ

ಬೇಗೂರಿನ ನಾಗೇಶ್ವರ ದೇವಾಲಯದ ಶಾಸನವೊಂದರಲ್ಲಿ ಬೆಂಗಳೂರಿನಲ್ಲಿ ನಡೆದ ಕಾಳಗದ ಉಲ್ಲೇಖವಿದೆ. ಕ್ರಿ.ಶ. 890ರ ಸುಮಾರಿನದೆಂದು ವಿದ್ವಾಂಸರು ನಿರ್ಣಯಿಸಿರುವ ಆ ಬರಹ, ನಮ್ಮ ನಗರದ ಹೆಸರು ದೊರೆಯುವ ಅತಿ ಹಳೆಯ ದಾಖಲೆಗಳಲ್ಲಿ ಒಂದು. ಅಂದರೆ ಬೆಂಗಳೂರೆಂಬ ಹೆಸರು ಇತಿಹಾಸದಲ್ಲಿ ಮೊದಲು ನಮ್ಮ ಕಿವಿಗೆ ಬೀಳುವುದೇ ಒಂದು ಹೊಡೆದಾಟದ ಸುದ್ದಿಯಾಗಿ! ನಮ್ಮ ಸಿಂಗಸಂದ್ರ ಅದೇ ಬೇಗೂರು ಹೋಬಳಿಯ ಗ್ರಾಮ. ಆ ಸೀಮೆಯ ವೀರಗಲ್ಲುಗಳಲ್ಲಿ ಬಿಲ್ಲು, ಕತ್ತಿ, ಕುದುರೆ, ಆನೆ ಎಲ್ಲವೂ ಇವೆ. ಸತ್ತವನ ಮನೆಯವರಿಗೆ ಭೂಮಿ ದತ್ತಿ ಕೊಟ್ಟ ವಿವರವೂ ಕೆಲವು ಕಲ್ಲುಗಳಲ್ಲಿ ಉಂಟು. ಭೂಮಿಗೂ ಆಯುಧಕ್ಕೂ ಇರುವ ನಂಟು ಈ ನೆಲದಲ್ಲಿ ಹೊಸದಲ್ಲವೆಂಬುದನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಈ ಮಾತನ್ನು ಮೊದಲಿಗೇ ಹೇಳಿದೆ.

ಈಚೆಗೆ ಬೆಳಗಿನ ವಾಯುವಿಹಾರದಲ್ಲಿ ಮಿತ್ರರ ನಡುವೆ ಪದೇ ಪದೇ ಬರುವ ಚರ್ಚೆ, ಬೆಂಗಳೂರಿನಲ್ಲಿ ಗುಂಡಿನ ಸದ್ದು ಏಕೆ ಹೆಚ್ಚಾಯಿತು ಎಂಬುದು. ಸಿನಿಮಾದಿಂದ ಎನ್ನುವವರು ಒಬ್ಬರು, ಹೊರ ರಾಜ್ಯದವರಿಂದ ಎನ್ನುವವರು ಮತ್ತೊಬ್ಬರು, ಪರವಾನಗಿಯನ್ನು ಸುಲಭವಾಗಿ ಕೊಡುತ್ತಿರುವುದರಿಂದ ಎನ್ನುವವರು ಇನ್ನೊಬ್ಬರು. ಮೊದಲೇ ಒಂದು ವಿಷಯವನ್ನು ಸ್ಪಷ್ಟಪಡಿಸುತ್ತೇನೆ. ನಮ್ಮ ನಗರದಲ್ಲಿ ಇಂದಿಗೂ ಹೆಚ್ಚಿನ ಕೊಲೆಗಳು ನಡೆಯುವುದು ಚಾಕು, ಮಚ್ಚು, ಕಲ್ಲುಗಳಿಂದಲೇ. ಬಂದೂಕಿನ ಪ್ರಕರಣಗಳು ಅವುಗಳ ಮುಂದೆ ಕಡಿಮೆ. ಆದರೆ ಯಾರು, ಯಾರ ಮೇಲೆ, ಯಾವ ಕಾರಣಕ್ಕೆ ಗುಂಡು ಹಾರಿಸುತ್ತಾರೆಂಬುದು ನಲವತ್ತು ವರ್ಷಗಳಲ್ಲಿ ಬದಲಾಗಿದೆ. ಆ ಬದಲಾವಣೆಯನ್ನು ಇತಿಹಾಸದ ಉಪಾಧ್ಯಾಯನ ಕಣ್ಣಿನಿಂದ ನೋಡುವುದಷ್ಟೇ ನನ್ನ ಉದ್ದೇಶ.

ಮೊದಲು ಕಾನೂನಿನ ಕಥೆ. 1857ರಲ್ಲಿ ಕಂಪನಿ ಸರ್ಕಾರ ನಿಶ್ಶಸ್ತ್ರೀಕರಣ ಕಾಯಿದೆಯನ್ನು ತಂದಾಗ ಮುಧೋಳದ ಬಳಿಯ ಹಲಗಲಿಯ ಬೇಡರು ತಮ್ಮ ಆಯುಧಗಳನ್ನು ಒಪ್ಪಿಸಲು ನಿರಾಕರಿಸಿದರು. ಊರನ್ನು ಸುಡಲಾಯಿತು, ಹಲವರನ್ನು ಗಲ್ಲಿಗೇರಿಸಲಾಯಿತು. ಆಯುಧ ಅವರಿಗೆ ಬೇಟೆಯ ಸಾಧನ, ಮಾನದ ಗುರುತು. ಇದಾದ ನಾಲ್ಕು ವರ್ಷಕ್ಕೆ, 1861ರಲ್ಲಿ, ಅದೇ ಬ್ರಿಟಿಷರು ಕೊಡವರಿಗೆ ಪರವಾನಗಿಯಿಲ್ಲದೆ ಕೋವಿ ಇಟ್ಟುಕೊಳ್ಳುವ ವಿನಾಯಿತಿ ಕೊಟ್ಟರು. ಒಂದು ಕಡೆ ನೇಣು, ಇನ್ನೊಂದು ಕಡೆ ಬಹುಮಾನ! 1878ರ ಕಾಯಿದೆ ಭಾರತೀಯನಿಗೆ ಪರವಾನಗಿಯನ್ನು ಕಡ್ಡಾಯಗೊಳಿಸಿ ಯುರೋಪಿಯನ್ನರನ್ನು ಹೊರಗಿಟ್ಟಿತು. ಸ್ವತಂತ್ರ ಭಾರತ 1959ರಲ್ಲಿ ಹೊಸ ಆಯುಧ ಕಾಯಿದೆಯನ್ನು ಮಾಡಿಕೊಂಡಿತು. 2019ರ ತಿದ್ದುಪಡಿಯಲ್ಲಿ ಒಬ್ಬ ವ್ಯಕ್ತಿ ಹೊಂದಬಹುದಾದ ಬಂದೂಕುಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿಯಿತು. ಕೊಡಗಿನ ವಿನಾಯಿತಿ ಮಾತ್ರ ಉಳಿದು ಬಂದಿದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿತು, 2021ರಲ್ಲಿ ನಮ್ಮ ಹೈಕೋರ್ಟು ಅದನ್ನು ಎತ್ತಿಹಿಡಿಯಿತು.

ಕೊಡಗಿನ ಮಾತನ್ನು ಸುಮ್ಮನೆ ಎತ್ತಲಿಲ್ಲ. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ. ಮನೆಯಲ್ಲಿ ಗಂಡು ಮಗು ಹುಟ್ಟಿದರೆ ಗುಂಡು, ಯಾರಾದರೂ ತೀರಿಕೊಂಡರೂ ಗುಂಡು. ಅಲ್ಲಿಯೂ ತೋಟದ ಗಡಿಯ ಜಗಳದಲ್ಲಿ, ಕುಡಿದ ಅಮಲಿನಲ್ಲಿ ಕೋವಿ ಸಿಡಿದ ಘಟನೆಗಳಿವೆ, ಇಲ್ಲವೆನ್ನಲಾರೆ. ಆದರೆ ಹಣ ಪಡೆದು ಗುರುತಿಲ್ಲದವನನ್ನು ಕೊಲ್ಲುವ ದಂಧೆ ಬೆಳೆದದ್ದು ಅಷ್ಟೊಂದು ಕೋವಿಗಳಿರುವ ಆ ಜಿಲ್ಲೆಯಲ್ಲಲ್ಲ, ಕೋವಿಯ ಸಂಪ್ರದಾಯವೇ ಇಲ್ಲದ ಬೆಂಗಳೂರಿನಲ್ಲಿ. ಹಾಗಾದರೆ ಬಂದೂಕು ಇರುವುದೊಂದೇ ಕಾರಣವಾಗಲಾರದು.

ನಾನು ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿದ ಕಾಲದ ಬೆಂಗಳೂರಿನಲ್ಲಿ ಭಯದ ಹೆಸರುಗಳು ಕೊತ್ವಾಲ್ ರಾಮಚಂದ್ರ ಮತ್ತು ಎಂ.ಪಿ. ಜಯರಾಜ್. ಆಗಿನ ಆಯುಧ ಲಾಂಗು, ಮಚ್ಚು, ಸೈಕಲ್ ಚೈನು. ಲಾಂಗು ಹಿಡಿದವನು ಎದುರಾಳಿಯ ಉಸಿರು ತಾಕುವಷ್ಟು ಹತ್ತಿರ ಹೋಗಬೇಕು. ಅದಕ್ಕೆ ಹತ್ತು ಜನರ ಪಡೆ ಬೇಕು, ಗಲ್ಲಿಗಳ ಪರಿಚಯ ಬೇಕು, ಮೈಯಲ್ಲಿ ಕಸುವು ಬೇಕು. ಹೊಡೆದವನ ಮುಖ ಇಡೀ ಬೀದಿಗೆ ಗೊತ್ತಾಗುತ್ತಿತ್ತು. ಕೊತ್ವಾಲ್ ಕೊಲೆಯಾದದ್ದು 1986ರಲ್ಲಿ. 1989ರ ನವೆಂಬರ್‌ನಲ್ಲಿ ಜಯರಾಜ್‌ನನ್ನೂ ಜೊತೆಯಲ್ಲಿದ್ದ ವಕೀಲರನ್ನೂ ಹಾಡುಹಗಲಲ್ಲಿ ಗುಂಡಿಟ್ಟು ಕೊಂದಾಗ ನಗರ ಬೆಚ್ಚಿಬಿದ್ದಿತು. ಗುಂಡು ಹಾರಿಸಿದವರನ್ನು ಹೊರಗಿನಿಂದ ಕರೆಸಲಾಗಿತ್ತೆಂಬ ಮಾತು ಅಂದಿನಿಂದಲೂ ಇದೆ. ಬೀದಿಗೆ ಪರಿಚಯವಿಲ್ಲದವನು ಬಂದು, ಕೆಲಸ ಮುಗಿಸಿ, ರೈಲು ಹತ್ತಿ ಹೋಗಬಹುದು ಎಂಬುದನ್ನು ಬೆಂಗಳೂರು ಆಗ ಕಲಿತಿತು. ಇಬ್ಬರು ಮನುಷ್ಯರು, ಒಂದು ಬೈಕು, ಒಂದು ಪಿಸ್ತೂಲು ಸಾಕಾಯಿತು. 1990ರ ದಶಕದಲ್ಲಿ ಮುತ್ತಪ್ಪ ರೈ ಅವರ ಮೇಲೆ ನ್ಯಾಯಾಲಯದ ಆವರಣದಲ್ಲಿಯೇ ಗುಂಡಿನ ದಾಳಿ ನಡೆಯಿತು; ದಾಳಿಕೋರ ವಕೀಲನ ವೇಷದಲ್ಲಿದ್ದನು.

ನನ್ನ ದೃಷ್ಟಿಯಲ್ಲಿ ಇವೆಲ್ಲಕ್ಕಿಂತ ಮುಖ್ಯವಾದದ್ದು 2001ರ ಘಟನೆ. ಆ ವರ್ಷ ಸುಬ್ಬರಾಜು ಎಂಬ ನಿವೇಶನ ಉದ್ಯಮಿಯನ್ನು ಗುಂಡಿಕ್ಕಿ ಕೊಲ್ಲಲಾಯಿತು. ಈ ಪ್ರಕರಣದ ಆರೋಪದಿಂದ ಮುತ್ತಪ್ಪ ರೈ ಮುಂದೆ ಖುಲಾಸೆಯಾದರು. ಯಾರು ಮಾಡಿಸಿದರು ಎಂಬ ವಿಚಾರಕ್ಕೆ ನಾನು ಹೋಗುವುದಿಲ್ಲ. ಸತ್ತವರು ದಾದಾ ಅಲ್ಲ, ಜಮೀನು ವ್ಯವಹಾರದವರು ಎಂಬುದನ್ನಷ್ಟೇ ಗಮನಿಸಬೇಕು. ಹಫ್ತಾ, ಕಲಬೆರಕೆ ಎಣ್ಣೆ, ಇಸ್ಪೀಟು ಅಡ್ಡೆಗಳ ಸುತ್ತ ಇದ್ದ ಭೂಗತ ಜಗತ್ತು ನಿಜವಾದ ಭೂಮಿಗೆ ಕೈಹಾಕಿತ್ತು.

ಭೂಮಿಗೇ ಏಕೆ? ಇಲ್ಲಿ ನಮ್ಮ ಹೊಸೂರು ರಸ್ತೆಯ ಕಥೆಯನ್ನು ಹೇಳಲೇಬೇಕು. 1978ರಲ್ಲಿ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರುಗಳ 332 ಎಕರೆಯಲ್ಲಿ ಕಿಯೋನಿಕ್ಸ್ ಸಂಸ್ಥೆ ಎಲೆಕ್ಟ್ರಾನಿಕ್ ಸಿಟಿಯನ್ನು ಆರಂಭಿಸಿದಾಗ ಸುತ್ತ ಇದ್ದದ್ದು ರಾಗಿ ಹೊಲ, ಕೆರೆ, ನೀಲಗಿರಿ ತೋಪು. 1990ರ ದಶಕದಲ್ಲಿ ತಂತ್ರಾಂಶ ಕಂಪನಿಗಳು ಬಂದವು. ಎಕರೆಯ ಲೆಕ್ಕದಲ್ಲಿ ಮಾತನಾಡುತ್ತಿದ್ದ ರೈತರು ಚದರಡಿಯ ಲೆಕ್ಕ ಕಲಿತರು. ಆದರೆ ಬೆಲೆ ಏರಿದ ವೇಗದಲ್ಲಿ ಕಾಗದಪತ್ರ ಸರಿಯಾಗಲಿಲ್ಲ. 1974ರ ಭೂಸುಧಾರಣಾ ತಿದ್ದುಪಡಿಯ 79ಎ ಮತ್ತು 79ಬಿ ಕಲಮುಗಳ ಪ್ರಕಾರ ಕೃಷಿಕನಲ್ಲದವನು ಕೃಷಿ ಜಮೀನನ್ನು ಕೊಳ್ಳುವಂತಿರಲಿಲ್ಲ. ಉದ್ದೇಶ ಒಳ್ಳೆಯದೇ. ಕೊಳ್ಳುವವರು ಮಾತ್ರ ನಿಲ್ಲಲಿಲ್ಲ, ಒಳದಾರಿ ಹುಡುಕಿಕೊಂಡರು. ಜಿಪಿಎ ಎಂಬ ಅಧಿಕಾರಪತ್ರ, ಮುಂಗಡ ಕರಾರು, ಕಂದಾಯ ನಿವೇಶನ, ಬಿ ಖಾತೆ, ಹೀಗೆ. ತಂದೆ ಮಾರಿದ್ದನ್ನು ಮಗ ಒಪ್ಪುವುದಿಲ್ಲ, ಅಣ್ಣ ಕರಾರು ಮಾಡಿದ್ದನ್ನೇ ತಮ್ಮ ಇನ್ನೊಬ್ಬರಿಗೆ ಕರಾರು ಮಾಡುತ್ತಾನೆ, ಗೋಮಾಳ ಯಾರದೋ ಹೆಸರಿನ ಬಡಾವಣೆಯಾಗುತ್ತದೆ. ಅಧಿಕಾರಪತ್ರದ ಮೂಲಕ ಮಾರಾಟ ಮಾಡಿದರೆ ಹಕ್ಕು ವರ್ಗವಾಗುವುದಿಲ್ಲವೆಂದು ಸುಪ್ರೀಂ ಕೋರ್ಟು ಖಡಾಖಂಡಿತವಾಗಿ ಹೇಳಿದ್ದು 2011ರಲ್ಲಿ. ಆ ಎರಡು ಕಲಮುಗಳು ರದ್ದಾದದ್ದು 2020ರಲ್ಲಿ. ಅಷ್ಟರೊಳಗೆ ಒಂದು ತಲೆಮಾರಿನ ಜಮೀನು ಕೈಬದಲಾಗಿತ್ತು. ಸರ್ಕಾರಿ ಜಮೀನಿನ ಒತ್ತುವರಿ ಎಷ್ಟೆಂಬುದನ್ನು ಎ.ಟಿ. ರಾಮಸ್ವಾಮಿಯವರ ಸದನ ಸಮಿತಿ 2007ರಲ್ಲಿ, ವಿ. ಬಾಲಸುಬ್ರಮಣಿಯನ್ ಅವರ ಕಾರ್ಯಪಡೆ 2011ರಲ್ಲಿ ವರದಿ ಮಾಡಿದವು. ಓದಿದರೆ ನಿದ್ದೆ ಬರುವುದಿಲ್ಲ.

ಇಂತಹ ಜಮೀನಿನ ಮೇಲೆ ದಾವೆ ಹೂಡಿದರೆ ತಡೆಯಾಜ್ಞೆ, ಮೇಲ್ಮನವಿ ಎಂದು ಇಪ್ಪತ್ತು ವರ್ಷ. ಆ ಇಪ್ಪತ್ತು ವರ್ಷವನ್ನು ಇಪ್ಪತ್ತು ದಿನಕ್ಕೆ ಇಳಿಸಿಕೊಡುತ್ತೇನೆಂದು ಹೇಳುವವನೇ 'ಸೆಟ್ಲ್‌ಮೆಂಟ್' ಮಾಡುವವನು. ಅವನ ಮಾತಿಗೆ ಬೆಲೆ ಬರಬೇಕಾದರೆ ಸೊಂಟದಲ್ಲಿ ಏನೋ ಇದೆಯೆಂದು ಎದುರಿನವನಿಗೆ ಗೊತ್ತಿರಬೇಕು. ಹೆಚ್ಚಿನ ಪಿಸ್ತೂಲುಗಳು ಸಿಡಿಯುವುದೇ ಇಲ್ಲ, ಮೇಜಿನ ಮೇಲೆ ಇಟ್ಟರೆ ಸಾಕು, ಸಹಿ ಬೀಳುತ್ತದೆ. ಇವು ಯಾವ ಅಂಕಿಅಂಶದಲ್ಲಿಯೂ ಸೇರುವುದಿಲ್ಲ.

ಇನ್ನು ಪಿಸ್ತೂಲು ಎಲ್ಲಿಂದ ಬರುತ್ತದೆ? ಪರವಾನಗಿಯ ಅಂಗಡಿಯಿಂದ ಬರುವುದು ಅಪರೂಪ. 1760ರ ದಶಕದಲ್ಲಿ, ನಮ್ಮಲ್ಲಿ ಹೈದರಾಲಿ ಏಳುತ್ತಿದ್ದ ಕಾಲಕ್ಕೆ, ಬಂಗಾಳದ ನವಾಬ ಮೀರ್ ಕಾಸಿಂ ರಾಜಧಾನಿಯನ್ನು ಬಿಹಾರದ ಮುಂಗೇರಿಗೆ ಸಾಗಿಸಿ ಅಲ್ಲಿ ಬಂದೂಕು ತಯಾರಿಕೆ ಆರಂಭಿಸಿದನು. ಆ ಕುಶಲತೆ ಅಲ್ಲಿಯೇ ಉಳಿಯಿತು. ಕಾನೂನುಬದ್ಧ ಕಾರ್ಖಾನೆಗಳಿಗೆ ಬೇಡಿಕೆ ಕುಗ್ಗಿದಂತೆ ಕೆಲಸ ಕಳೆದುಕೊಂಡ ಕೈಗಳು ಕಳ್ಳ ಕುಲುಮೆಗಳಿಗೆ ಹೋದವು. ಮಧ್ಯಪ್ರದೇಶದ ಖರ್ಗೋನ್ ಸೀಮೆಯ ಕಥೆಯೂ ಹೆಚ್ಚು ಕಡಿಮೆ ಇದೇ. ರೈಲಿನಲ್ಲಿ, ಲಾರಿಯಲ್ಲಿ ಬರುವ ಈ ನಾಡ ಪಿಸ್ತೂಲಿಗೆ ಇಲ್ಲಿ ಕೊಳ್ಳುವವರು ಇದ್ದದ್ದರಿಂದ ಅದು ಬಂದಿತು. ಒಮ್ಮೆ ದಾರಿ ತೆರೆದ ಮೇಲೆ ಜಮೀನಿನವರು ಮಾತ್ರ ಅದನ್ನು ಬಳಸುತ್ತಾರೆಯೇ? 2017ರ ಸೆಪ್ಟೆಂಬರ್ 5ರ ಸಂಜೆ ರಾಜರಾಜೇಶ್ವರಿ ನಗರದಲ್ಲಿ ಗೌರಿ ಲಂಕೇಶರನ್ನು ಅವರ ಮನೆಯ ಬಾಗಿಲಲ್ಲಿ ಕೊಂದದ್ದು 7.65 ಮಿ.ಮೀ. ನಾಡ ಪಿಸ್ತೂಲಿನಿಂದ. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರನ್ನು ಕೊಂದದ್ದೂ ಅದೇ ಆಯುಧವೆಂದು ವಿಧಿವಿಜ್ಞಾನ ಪರೀಕ್ಷೆ ಹೇಳಿತು. ಕಲಬುರ್ಗಿಯವರು ಶಾಸನಗಳನ್ನು ಓದಿದವರು. ನನ್ನಂತಹ ಸಾಮಾನ್ಯ ಉಪಾಧ್ಯಾಯರು ತರಗತಿಯಲ್ಲಿ ಹೇಳಿದ ಎಷ್ಟೋ ಮಾತಿಗೆ ಅಂತಹವರ ಓದೇ ಆಧಾರ. ಆ ದಿನ ನನಗೆ ಊಟ ಸೇರಲಿಲ್ಲ. 2005ರ ಡಿಸೆಂಬರ್ 28ರಂದು ವಿಜ್ಞಾನ ಸಂಸ್ಥೆಯಲ್ಲಿ ದೆಹಲಿಯ ಪ್ರೊ. ಎಂ.ಸಿ. ಪುರಿಯವರನ್ನು ಬಲಿತೆಗೆದುಕೊಂಡ ಭಯೋತ್ಪಾದಕ ದಾಳಿಯ ಮೂಲ ಬೇರೆ, ಅದನ್ನು ಇದರೊಡನೆ ಬೆರೆಸಬಾರದು.

ಈಗ ಪೊಲೀಸರ ವಿಷಯ. ಆರೋಪಿಯ ಕಾಲಿಗೆ ಆತ್ಮರಕ್ಷಣೆಗಾಗಿ ಗುಂಡು ಹಾರಿಸಲಾಯಿತು ಎಂಬ ಸುದ್ದಿ ಪತ್ರಿಕೆಗಳಲ್ಲಿ ಮಾಮೂಲಾಗಿದೆ. ಓದಿ ಸಂತೋಷಪಡುವ ಮಿತ್ರರಿದ್ದಾರೆ. ನನಗೆ ಸಂತೋಷವಾಗುವುದಿಲ್ಲ. ಪೊಲೀಸ್ ಗುಂಡಿಗೆ ಸಾವು ಸಂಭವಿಸಿದರೆ ಸ್ವತಂತ್ರ ತನಿಖೆ ಆಗಬೇಕೆಂದು ಸುಪ್ರೀಂ ಕೋರ್ಟು 2014ರಲ್ಲಿಯೇ ವಿಧಿಸಿದೆ. ಬರಿಯ ಕಾಲಿನ ಗಾಯವನ್ನು ಕೇಳುವವರು ಕಡಿಮೆ.

ಆ ಕಾಲುಗಳಲ್ಲಿ ಒಂದು ನನ್ನ ಹಳೆಯ ವಿದ್ಯಾರ್ಥಿಯದು. ಹೆಸರು ಬೇಡ. ಎಂಟನೆಯ ತರಗತಿಯಲ್ಲಿ ಭೂಪಟ ಬಿಡಿಸುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಅವನ ಅಪ್ಪನಿಗೆ ಹೊಲವಿರಲಿಲ್ಲ, ಬೇರೆಯವರ ಹೊಲದಲ್ಲಿ ಕೂಲಿ. ಹೊಲಗಳು ಹೋದಾಗ ಹೊಲದವರಿಗೆ ಹಣ ಬಂದಿತು, ಕೂಲಿಯವರಿಗೆ ಏನೂ ಬರಲಿಲ್ಲ. ಹುಡುಗ ಖಾಲಿ ನಿವೇಶನಗಳಿಗೆ ಕಾವಲು ಕೂರುವ ಕೆಲಸಕ್ಕೆ ಸೇರಿದನು. ಕಾವಲೆಂದರೆ ನಿಜವಾದ ಮಾಲೀಕ ಬಂದರೆ ಒಳಗೆ ಬಿಡದಿರುವುದು! ಮುಂದಿನದನ್ನು ತಾವು ಊಹಿಸಬಹುದು.

ಅವನ ಸಹಪಾಠಿಯೊಬ್ಬನ ತಂದೆ ಮೂರು ಎಕರೆ ಮಾರಿ ಮೂರಂತಸ್ತಿನ ಮನೆ ಕಟ್ಟಿಸಿದರು. ಉಳಿದ ಅರ್ಧ ಎಕರೆಯ ಮೇಲೆ ಯಾರೋ ಹಳೆಯ ಕರಾರು ತಂದು ತಕರಾರು ತೆಗೆದರು, ದೂರವಾಣಿ ಬೆದರಿಕೆಗಳು ಬಂದವು. ಅವರು ಓಡಾಡಿ ಪರವಾನಗಿ ಪಡೆದು ಒಂದು ಬಂದೂಕು ಕೊಂಡರು. ಒಮ್ಮೆ ಹೋಟೆಲಿನಲ್ಲಿ ಸಿಕ್ಕಾಗ, "ಮೇಷ್ಟ್ರೇ, ಹೊಲದ ಅಟ್ಟಣೆ ಮೇಲೆ ಒಬ್ಬನೇ ಮಲಗ್ತಿದ್ದೆ, ಹಾವಿಗೂ ಹೆದರ್ತಿರಲಿಲ್ಲ. ಈಗ ಗೇಟಿನ ಮುಂದೆ ಕಾರು ನಿಂತ್ರೆ ಎದ್ದು ಕೂರ್ತೀನಿ" ಎಂದರು. ಪ್ರತಿ ಚುನಾವಣೆಯಲ್ಲಿಯೂ ಅವರು ಆ ಬಂದೂಕನ್ನು ಠಾಣೆಗೆ ಒಪ್ಪಿಸಿ ರಶೀದಿ ಪಡೆಯುತ್ತಾರೆ, ಮುಗಿದ ಮೇಲೆ ಬಿಡಿಸಿಕೊಂಡು ಬರುತ್ತಾರೆ. ಒಮ್ಮೆಯೂ ಹಾರಿಸಿಲ್ಲ. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗದ ಮೆಟ್ರೋ ಆರಂಭವಾಗಿ ಸಿಂಗಸಂದ್ರಕ್ಕೂ ನಿಲ್ದಾಣ ಬಂದ ಮೇಲೆ ಆ ಅರ್ಧ ಎಕರೆಯ ಬೆಲೆ ಮತ್ತೆ ಏರಿದೆ. ದಾವೆ ಇನ್ನೂ ಸಾಕ್ಷಿ ವಿಚಾರಣೆಯ ಹಂತದಲ್ಲಿದೆ.