ಕೊನೆಯವಳು ಬರುವವರೆಗೆ

ಎರಡು ವರ್ಷದ ಹಿಂದೆ, ಏಪ್ರಿಲ್ ತಿಂಗಳ ಒಂದು ಭಾನುವಾರ, ನಾನು ಒಬ್ಬ ಹೆಂಗಸಿನ ಹೆಸರನ್ನು ದಾಖಲೆಯಿಂದ ಹೊಡೆದುಹಾಕಿದೆ. ಬೇಕೆಂದು ಮಾಡಿದ್ದಲ್ಲ. ಕೈಯಲ್ಲಿ ಪೆನ್ಸಿಲ್ ಇತ್ತು, ತೊಡೆಯ ಮೇಲೆ ಸವಾರರ ಪಟ್ಟಿ ಇತ್ತು, ಬಿಸಿಲು ಏರಿತ್ತು, ಎಲ್ಲರಿಗೂ ಹಸಿವಾಗಿತ್ತು. ಅಷ್ಟೇ.

ಆಗ ನಾನು ಪಿಎಚ್‌ಡಿಗೆಂದು ಉತ್ತರ ಕ್ಯಾಲಿಫೋರ್ನಿಯಾಕ್ಕೆ ಬಂದು ಒಂದೂವರೆ ವರ್ಷವಾಗಿತ್ತು. ಜೊತೆಗೆ ಮನೆ ಹಂಚಿಕೊಂಡಿದ್ದ ಗೆಳತಿಗೆ ಮೌಂಟನ್ ಬೈಕಿನ ಹುಚ್ಚು. ಸುತ್ತಲ ಗುಡ್ಡಗಳಲ್ಲಿ ಹೆಂಗಸರಿಗಾಗಿಯೇ ನಡೆಯುವ ಒಂದು ಚಿಕ್ಕ ರೇಸಿಗೆ ಅವಳು ಹೊರಟಿದ್ದಳು. 'ನೀನು ಸೈಕಲ್ ಹೊಡೆಯೋದು ಬೇಡ, ಬರೆಯೋದಕ್ಕೆ ಒಂದು ಕೈ ಬೇಕಂತೆ, ಬಾ' ಎಂದಳು. ಬರೆಯುವುದು ನನಗೆ ಗೊತ್ತಿರುವ ಒಂದೇ ಕೆಲಸ. ಹೋದೆ.

ಇಂಥ ರೇಸುಗಳು ಹೇಗೆ ನಡೆಯುತ್ತವೆ ಎಂದು ಹೇಳಬೇಕು. ಸುಮಾರು ಅರವತ್ತು ಜನ ಸವಾರರು. ಪಳಗಿದವರು ಮೊದಲು, ನಡುವಿನವರು ಆಮೇಲೆ, ಹೊಸಬರು ಕೊನೆಗೆ, ಹೀಗೆ ಗುಂಪುಗುಂಪಾಗಿ ಬಿಡುತ್ತಾರೆ. ದಾರಿ ಕವಲೊಡೆಯುವಲ್ಲೆಲ್ಲ ಒಬ್ಬ ಸ್ವಯಂಸೇವಕಿ ಸೀಟಿ ಹಿಡಿದು ನಿಂತಿರುತ್ತಾಳೆ. ನೀರು ಕೊಡಲು ಒಬ್ಬರು, ಗಾಯಕ್ಕೆ ಪಟ್ಟಿ ಕಟ್ಟಲು ಒಬ್ಬರು. ಎಲ್ಲರ ಹಿಂದೆ, ಯಾರೂ ಕಾಡಿನಲ್ಲಿ ಉಳಿಯದಂತೆ ನೋಡಿಕೊಂಡು ನಿಧಾನವಾಗಿ ಬರುವ ಒಬ್ಬ ಸವಾರಳಿರುತ್ತಾಳೆ. ಅವಳಿಗೆ ಇಲ್ಲಿ 'ಸ್ವೀಪ್' ಎನ್ನುತ್ತಾರೆ, ಅಂದರೆ ಗುಡಿಸುವವಳು. ದೊಡ್ಡ ರೇಸುಗಳಲ್ಲಿ ಸಮಯವನ್ನು ಚಿಪ್ ಹಿಡಿದಿಡುತ್ತದೆ. ಇಲ್ಲಿ ಚಿಪ್ ಇರಲಿಲ್ಲ. ಒಬ್ಬಳು ಗೆರೆಯ ಬಳಿ ನಿಂತು ಸವಾರಳ ಸಂಖ್ಯೆ ಕೂಗುತ್ತಾಳೆ, ಇನ್ನೊಬ್ಬಳು ಗಡಿಯಾರ ನೋಡಿ ಬರೆಯುತ್ತಾಳೆ. ಬರೆಯುವವಳು ನಾನು.

ಮಧ್ಯಾಹ್ನದ ಹೊತ್ತಿಗೆ ಪಟ್ಟಿಯಲ್ಲಿ ಒಂದೇ ಸಂಖ್ಯೆಯ ಮುಂದೆ ಖಾಲಿ ಇತ್ತು. ದಾರಿ ಖಾಲಿಯಾಗಿದೆ ಎಂದು ರೇಡಿಯೋದಲ್ಲಿ ಸುದ್ದಿ ಬಂತು. ಗೆರೆಯ ಬಳಿ ಇದ್ದವರು ಬ್ಯಾನರ್ ಬಿಚ್ಚತೊಡಗಿದರು. ನಾನು ಗಡಿಯಾರ ನಿಲ್ಲಿಸಿ, ಆ ಖಾಲಿ ಜಾಗದಲ್ಲಿ 'ಡಿಎನ್‌ಎಫ್' ಎಂದು ಬರೆದು ಹಾಳೆ ಒಪ್ಪಿಸಿದೆ. ಮುಗಿಸಲಿಲ್ಲ ಎಂದು ಅದರ ಅರ್ಥ.

ಇಪ್ಪತ್ತು ನಿಮಿಷದ ನಂತರ ಅವಳು ಬಂದಳು. ಚೈನ್ ತುಂಡಾದ ಬೈಕನ್ನು ತಳ್ಳಿಕೊಂಡು, ಮೊಣಕಾಲಿಗೆ ಕೆಂಪು ಮಣ್ಣು ಮೆತ್ತಿಕೊಂಡು. ರೇಸಿನ ನಿಯಮದಲ್ಲಿ ಬೈಕನ್ನು ತಳ್ಳಿಕೊಂಡು ಬಂದರೂ ಅದು ಮುಗಿಸಿದ ಹಾಗೆಯೇ. ಆದರೆ ಗೆರೆಯೇ ಇರಲಿಲ್ಲ. ಸ್ವೀಪ್ ಸವಾರಳು ಗಾಯಗೊಂಡ ಇನ್ನೊಬ್ಬಳನ್ನು ಅಡ್ಡದಾರಿಯಲ್ಲಿ ಕರೆತಂದಿದ್ದಳು, ಇವಳು ಹಿಂದೆಯೇ ಉಳಿದಿದ್ದಳು. ಮಡಚಿದ ಮೇಜನ್ನೂ ನನ್ನನ್ನೂ ನೋಡಿ, 'ಪರವಾಗಿಲ್ಲ' ಎಂದು ನಕ್ಕು ಕಾರಿನತ್ತ ಹೋದಳು. ಐವತ್ತು ದಾಟಿದ ಹೆಂಗಸು.

ನನ್ನ ಪಿಎಚ್‌ಡಿ ವಿಷಯ ಏನೆಂದು ಹೇಳಿದರೆ ಆ 'ಪರವಾಗಿಲ್ಲ' ನನಗೆ ಯಾಕೆ ಚುಚ್ಚಿತೆಂದು ತಿಳಿದೀತು. ಹತ್ತೊಂಬತ್ತನೇ ಶತಮಾನದಲ್ಲಿ ನಮ್ಮ ಮುಂಬಯಿ ಕರ್ನಾಟಕದ ರಸ್ತೆಗಳು ಹೇಗೆ ಹುಟ್ಟಿದವು ಎಂಬುದು ನನ್ನ ಹುಡುಕಾಟ. ಲೋಕೋಪಯೋಗಿ ಇಲಾಖೆಯ ಹಳೆಯ ಕಡತಗಳಲ್ಲಿ ಎಂಜಿನಿಯರ ಹೆಸರಿದೆ, ಕಲೆಕ್ಟರನ ಹೆಸರಿದೆ. ಕಲ್ಲು ಒಡೆದು, ಬುಟ್ಟಿಯಲ್ಲಿ ಜಲ್ಲಿ ಹೊತ್ತ ಹೆಂಗಸರು ಮಾತ್ರ ದಿನಗೂಲಿಯ ದರವಾಗಿ ಇದ್ದಾರೆ. ಗಂಡಾಳಿಗೆ ಇಷ್ಟು, ಹೆಣ್ಣಾಳಿಗೆ ಇಷ್ಟು. ಆ ಗುಮಾಸ್ತರ ಮೇಲೆ ನನಗೆ ಸಿಟ್ಟಿತ್ತು. ಸೆಮಿನಾರುಗಳಲ್ಲಿ ಆ ಸಿಟ್ಟನ್ನು ದೊಡ್ಡ ದೊಡ್ಡ ಪದಗಳಲ್ಲಿ ಹೇಳಿದ್ದೆ. ಈಗ ಗುಮಾಸ್ತಳ ಕುರ್ಚಿಯಲ್ಲಿ ನಾನೇ ಕೂತಿದ್ದೆ, ಮತ್ತು ನನಗೆ ಹಸಿವಾಗಿತ್ತು.

ಆ ಮೇಲೆ ಈ ಆಟದ ಇತಿಹಾಸವನ್ನು ಓದತೊಡಗಿದೆ. ಅದು ಹುಟ್ಟಿದ್ದೇ ಈ ಸೀಮೆಯಲ್ಲಿ. ಸ್ಯಾನ್ ಫ್ರಾನ್ಸಿಸ್ಕೋದ ಉತ್ತರಕ್ಕೆ, ಗೋಲ್ಡನ್ ಗೇಟ್ ಸೇತುವೆಯಾಚೆ ಮರಿನ್ ಎಂಬ ಕೌಂಟಿ ಇದೆ. ಅಲ್ಲಿನ ಫೇರ್‌ಫ್ಯಾಕ್ಸ್ ಎಂಬ ಚಿಕ್ಕ ಊರಿನ ಮೇಲ್ಗಡೆ, ಗುಡ್ಡದಿಂದ ಇಳಿಯುವ ಒಂದು ಕಚ್ಚಾ ರಸ್ತೆ. ಉದ್ದ ಸುಮಾರು ಎರಡು ಮೈಲಿ, ಇಳಿತ 1300 ಅಡಿ. 1976ರ ಅಕ್ಟೋಬರಿನಲ್ಲಿ ಕೆಲವು ಗೆಳೆಯರು ದಪ್ಪ ಟೈರಿನ ಹಳೆಯ ಸೈಕಲ್ಲುಗಳನ್ನು ಅಲ್ಲಿಗೆ ಹೊತ್ತೊಯ್ದು, ಯಾರು ಬೇಗ ಇಳಿಯುತ್ತಾರೆಂದು ಪಣ ಕಟ್ಟಿದರು. ಆ ಸೈಕಲ್ಲುಗಳಿಗೆ ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕು. ಒಮ್ಮೆ ಇಳಿದರೆ ಹಬ್ಬಿನೊಳಗಿನ ಗ್ರೀಸು ಸುಟ್ಟು ಹೊಗೆಯಾಗುತ್ತಿತ್ತು, ಮತ್ತೆ ತುಂಬಬೇಕಾಗುತ್ತಿತ್ತು. ಹಾಗೆ ಮತ್ತೆ ತುಂಬುವುದೇ 'ರಿಪ್ಯಾಕ್'. ರಸ್ತೆಗೂ ರೇಸಿಗೂ ಅದೇ ಹೆಸರಾಯಿತು.

ಇದು ಗಂಡಸರ ಕಥೆಯಾಗಿಯೇ ಹೆಚ್ಚು ಪ್ರಸಿದ್ಧ. ಗ್ಯಾರಿ ಫಿಶರ್, ಜೋ ಬ್ರೀಝ್, ಟಾಮ್ ರಿಚಿ ಎಂಬ ಹೆಸರುಗಳು ಆಮೇಲೆ ಸೈಕಲ್ಲುಗಳ ಮೇಲೂ ಬಂದವು. ಆದರೆ ನನ್ನ ಕಣ್ಣು ನಿಂತದ್ದು ಬೇರೆ ಕಡೆ. ರಿಪ್ಯಾಕ್ ಇವತ್ತು ನಮಗೆ ಗೊತ್ತಿರುವುದು ಮುಖ್ಯವಾಗಿ ಎರಡು ವಸ್ತುಗಳಿಂದ. ಒಂದು, ರೇಸನ್ನು ಸಂಘಟಿಸುತ್ತಿದ್ದ ಚಾರ್ಲಿ ಕೆಲ್ಲಿ ಸವಾರರ ಸಮಯಗಳನ್ನು ಬರೆದಿಟ್ಟ ಪುಸ್ತಕ. ಇನ್ನೊಂದು, ವೆಂಡಿ ಕ್ರ್ಯಾಗ್ ತೆಗೆದ ಫೋಟೋಗಳು.

ವೆಂಡಿ ಕ್ರ್ಯಾಗ್ ಫೇರ್‌ಫ್ಯಾಕ್ಸಿನವಳು. ಆ ಗುಂಪಿನಲ್ಲಿ ಸೈಕಲ್ ಹತ್ತಿದ ಮೊದಲ ಹೆಂಗಸು. ಇಪ್ಪತ್ತು ಕಿಲೋಗಿಂತ ಭಾರವಾದ ಆ ಸೈಕಲ್ಲನ್ನು ಗುಡ್ಡಕ್ಕೆ ಏರಿಸಿ, ರಿಪ್ಯಾಕ್‌ನಲ್ಲಿ ಇಳಿದೂ ಇದ್ದಳು. ಜೊತೆಗೆ ಕ್ಯಾಮೆರಾ ಒಯ್ಯುತ್ತಿದ್ದಳು. ತಿರುವಿನಲ್ಲಿ ಧೂಳೆಬ್ಬಿಸಿ ವಾಲಿದ ಸವಾರರು, ಜೀನ್ಸು, ದೊಡ್ಡ ಬೂಟು, ಉದ್ದ ಕೂದಲು: ಈ ಆಟದ ಬಾಲ್ಯದ ಚಿತ್ರಗಳೆಂದು ನಾವು ನೋಡುವ ಬಹುಪಾಲು ಅವಳವೇ. ಫೋಟೋ ತೆಗೆಯುವವಳು ಫೋಟೋದಲ್ಲಿ ಇರುವುದಿಲ್ಲ. ಗುಂಪಿನಲ್ಲಿ ಒಬ್ಬ ಹೆಂಗಸಿದ್ದಳು ಎಂಬುದಕ್ಕೆ ಸಾಕ್ಷಿ, ಆ ಫೋಟೋಗಳು ಇವೆ ಎಂಬುದೇ.

ಹಾಗೆಯೇ ಡೆನಿಸ್ ಕ್ಯಾರಮಾನ್ಯೊ. ಅವಳೂ ರಿಪ್ಯಾಕ್‌ನ ಸವಾರಳು. 1980ರಲ್ಲಿ ಚಾರ್ಲಿ ಕೆಲ್ಲಿಯ ಜೊತೆಗೂಡಿ 'ಫ್ಯಾಟ್ ಟೈರ್ ಫ್ಲೈಯರ್' ಎಂಬ ಪತ್ರಿಕೆ ಶುರುಮಾಡಿದಳು. ಮೌಂಟನ್ ಬೈಕಿಗೆಂದೇ ಮೀಸಲಾದ ಮೊದಲ ಪತ್ರಿಕೆ ಅದು. ಒಂದು ಆಟಕ್ಕೆ ಬರೀ ಆಡುವವರು ಸಾಕಾಗುವುದಿಲ್ಲ. ಬರೆಯುವವರು, ಅಚ್ಚು ಹಾಕಿಸುವವರು, ಅಂಚೆಗೆ ಹಾಕುವವರು ಬೇಕು. ಇಲ್ಲವಾದರೆ ಅದು ನಾಲ್ಕು ಜನರ ಭಾನುವಾರವಾಗಿ ಮುಗಿದುಹೋಗುತ್ತದೆ.

ಎಂಬತ್ತರ ದಶಕದಲ್ಲಿ ಜಾಕಿ ಫೀಲನ್ ಬಂದಳು. 1983ರಿಂದ ಸತತ ಮೂರು ವರ್ಷ ಅಮೆರಿಕದ ರಾಷ್ಟ್ರೀಯ ಚಾಂಪಿಯನ್. ಇವಳು 'ಆಲಿಸ್ ಬಿ. ಟೋಕ್ಲಿಪ್ಸ್' ಎಂದು ತನಗೊಂದು ಹೆಸರಿಟ್ಟುಕೊಂಡಿದ್ದಳು. ಗರ್ಟ್ರೂಡ್ ಸ್ಟೈನಳ ಸಂಗಾತಿ ಆಲಿಸ್ ಬಿ. ಟೋಕ್ಲಾಸ್‌ಳ ಹೆಸರಿಗೆ ಪೆಡಲ್ ಮೇಲೆ ಪಾದ ಹಿಡಿದಿಡುವ ಟೋಕ್ಲಿಪ್ಪನ್ನು ಸಿಕ್ಕಿಸಿದ ತಮಾಷೆ ಅದು. ಅವಳು ಕಟ್ಟಿದ ಸಂಘಕ್ಕೆ ಹೆಂಗಸರ ಮೌಂಟನ್ ಬೈಕ್ ಮತ್ತು ಚಹಾ ಸಂಘ ಎಂದು ಹೆಸರು. ಗೆಲ್ಲುವುದನ್ನು ಚೆನ್ನಾಗಿ ಬಲ್ಲವಳು, ಬೀಳಲು ಹೆದರುವ ಹೆಂಗಸರಿಗೆ ಸೈಕಲ್ ಕಲಿಸಲು ಕೂತಳು. ಹೆಸರಿನಲ್ಲಿ ಚಹಾ ಇರುವುದು ಬರೀ ತಮಾಷೆಯಲ್ಲ ಎಂದು ನನಗನಿಸುತ್ತದೆ. ಗುಡ್ಡ ಹತ್ತಿದ ಮೇಲೆ ಕಾಯುವುದಕ್ಕೂ ಒಂದು ಕಾರಣ ಬೇಕಲ್ಲ.

ಹೆಂಗಸರು ಮೊದಲ ದಿನದಿಂದ ಜೊತೆಯಲ್ಲಿದ್ದರೆ ಏನಾಗುತ್ತದೆ ಎಂಬುದನ್ನು ಇಸವಿಗಳೇ ಹೇಳುತ್ತವೆ. ರಸ್ತೆಯ ಸೈಕಲ್ ರೇಸನ್ನು ನೋಡಿ. 1894ರಲ್ಲೇ ಆನಿ ಲಂಡನ್‌ಡೆರ್ರಿ ಸೈಕಲ್ಲಿನೊಂದಿಗೆ ಜಗತ್ತು ಸುತ್ತಲು ಹೊರಟಿದ್ದಳು. 1896ರಲ್ಲಿ ಸೂಸನ್ ಬಿ. ಆಂಟನಿ, ಹೆಣ್ಣಿನ ಬಿಡುಗಡೆಗೆ ಸೈಕಲ್ಲಿನಷ್ಟು ನೆರವಾದದ್ದು ಇನ್ನೊಂದಿಲ್ಲ ಎಂಬ ಅರ್ಥದ ಮಾತನ್ನು ಪತ್ರಕರ್ತೆ ನೆಲ್ಲಿ ಬ್ಲೈಗೆ ಹೇಳಿದ್ದಳು. ಅದೇ 1896ರ ಮೊದಲ ಆಧುನಿಕ ಒಲಿಂಪಿಕ್ಸ್‌ನಲ್ಲಿ ಗಂಡಸರ ಸೈಕಲ್ ರೇಸ್ ನಡೆಯಿತು. ಹೆಂಗಸರದು ಯಾವಾಗ? 1984ರಲ್ಲಿ. ನಡುವೆ ಎಂಬತ್ತೆಂಟು ವರ್ಷ.

ಮೌಂಟನ್ ಬೈಕಿನಲ್ಲಿ ಆ ಅಂತರವೇ ಇಲ್ಲ. 1990ರಲ್ಲಿ ಕೊಲರಾಡೋದ ಡ್ಯುರಾಂಗೋದಲ್ಲಿ ಮೊದಲ ಅಧಿಕೃತ ವಿಶ್ವ ಚಾಂಪಿಯನ್‌ಶಿಪ್ ನಡೆದಾಗ ಗಂಡಸರಿಗೂ ಹೆಂಗಸರಿಗೂ ಒಟ್ಟಿಗೇ ಪದಕಗಳಿದ್ದವು. ಕ್ರಾಸ್ ಕಂಟ್ರಿಯಲ್ಲಿ ಜೂಲಿ ಫರ್ಟಾಡೊ, ಇಳಿಜಾರಿನಲ್ಲಿ ಸಿಂಡಿ ಡಿವೈನ್ ಗೆದ್ದರು. 1996ರಲ್ಲಿ ಅಟ್ಲಾಂಟಾ ಒಲಿಂಪಿಕ್ಸಿಗೆ ಈ ಆಟ ಮೊದಲ ಬಾರಿ ಬಂದಾಗಲೂ ಇಬ್ಬರಿಗೂ ಒಟ್ಟಿಗೇ ಬಂತು. ಇಟಲಿಯ ಪಾವೊಲಾ ಪೆಝೋ ಚಿನ್ನ ಗೆದ್ದಳು. ಎಲ್ಲವೂ ಸಮವಾಗಿತ್ತು ಎಂದು ನಾನು ಹೇಳುತ್ತಿಲ್ಲ. ಬಾಗಿಲ ಹೊರಗೆ ನಿಂತು ತಟ್ಟುವ ಕೆಲಸ ಇರಲಿಲ್ಲ ಎನ್ನುತ್ತಿದ್ದೇನೆ. ಮನೆ ಕಟ್ಟುವಾಗಲೇ ಒಳಗಿದ್ದವರನ್ನು ಹೊರಗಿಡುವುದು ಕಷ್ಟ.

ಇದನ್ನೆಲ್ಲ ಓದುತ್ತಾ ನನ್ನ ಮೊದಲ ಸೈಕಲ್ ನೆನಪಾಯಿತು. ಕರ್ನಾಟಕ ಸರ್ಕಾರ ಎಂಟನೇ ಇಯತ್ತೆಯ ಮಕ್ಕಳಿಗೆ 2006-07ರಿಂದ ಸೈಕಲ್ ಕೊಡತೊಡಗಿತ್ತು. ನನಗೂ ಒಂದು ಸಿಕ್ಕಿತು, ಮುಂದೆ ಬುಟ್ಟಿ ಇದ್ದದ್ದು. ವಿಜಯಪುರ, ಬಾಗಲಕೋಟೆಯ ಕಡೆಯವರಿಗೆ ಸೈಕಲ್ ರೇಸ್ ಹೊಸದಲ್ಲ, ಒಳ್ಳೊಳ್ಳೆಯ ಸವಾರರು ಆ ನೆಲದಿಂದ ಬಂದಿದ್ದಾರೆ. ಆದರೆ ನಮ್ಮೂರ ಜಾತ್ರೆಯ ರೇಸಿನಲ್ಲಿ ನಾವು ಹುಡುಗಿಯರು ರಸ್ತೆಯ ಬದಿಗೆ ನಿಂತು ಕೂಗುವವರು. ಶಾಲೆ ಮುಗಿದ ಮೇಲೆ ಆ ಸೈಕಲ್ ತಮ್ಮನದಾಯಿತು. ಯಾರೂ ಕಿತ್ತುಕೊಳ್ಳಲಿಲ್ಲ. ನಾನೇ ಬಿಟ್ಟುಕೊಟ್ಟೆ. ಪರವಾಗಿಲ್ಲ ಎಂದೆ ಅನಿಸುತ್ತದೆ.

ಮರುವರ್ಷ ಅದೇ ರೇಸಿಗೆ ಹೊಸಬರ ಗುಂಪಿನಲ್ಲಿ ಹೆಸರು ಕೊಟ್ಟೆ. ಗೆಳತಿಯ ಹಳೆಯ ಬೈಕು. ಮೊದಲ ಏರಿನಲ್ಲೇ ಎಲ್ಲರೂ ಮುಂದೆ ಹೋದರು. ಓಕ್ ಮರಗಳ ನೆರಳು, ಬೇ ಲಾರೆಲ್ ಎಲೆಗಳ ಖಾರವಾದ ವಾಸನೆ, ನನ್ನ ಉಸಿರಿನ ಸದ್ದು. ಎರಡು ಕಡೆ ಇಳಿದು ತಳ್ಳಿದೆ, ಒಂದು ಕಡೆ ಬಿದ್ದೆ. ನನ್ನ ಹಿಂದೆ ಸ್ವೀಪ್ ಸವಾರಳ ಚಕ್ರದ ಸದ್ದು ಕೇಳುತ್ತಲೇ ಇತ್ತು. ಅವಳು ಮುಂದೆ ಬರಲಿಲ್ಲ, ಬೇಗ ಎನ್ನಲಿಲ್ಲ. ಕವಲುಗಳಲ್ಲಿ ಸೀಟಿ ಹಿಡಿದವರು ಇನ್ನೂ ನಿಂತಿದ್ದರು. ಅವರನ್ನು ದಾಟುವಾಗ, ನಾನು ಹೋದ ಮೇಲೇ ಅವರು ಊಟಕ್ಕೆ ಏಳುತ್ತಾರೆ ಎಂದು ಗೊತ್ತಿತ್ತು. ಆ ಗೊತ್ತಿರುವಿಕೆ ನಾಚಿಕೆಯನ್ನೂ ಕೊಟ್ಟಿತು, ಬಲವನ್ನೂ ಕೊಟ್ಟಿತು.

ಕೊನೆಯವಳಾಗಿ ಗೆರೆ ದಾಟಿದೆ. ಮೇಜಿನ ಬಳಿ ಒಬ್ಬ ಹುಡುಗಿ ಕೂತಿದ್ದಳು, ಕೈಯಲ್ಲಿ ಪೆನ್ಸಿಲ್. ನನ್ನ ಸಂಖ್ಯೆಯ ಮುಂದೆ ಗಂಟೆ, ನಿಮಿಷ, ಸೆಕೆಂಡು ಬರೆದಳು. ಆಮೇಲೆ ಗಡಿಯಾರ ನಿಲ್ಲಿಸಿದಳು.

ಹಿಂದಿನ ವರ್ಷದ ಆ ಹೆಂಗಸಿನ ಬಗ್ಗೆ ನಾನು ಅಷ್ಟರಲ್ಲಿ ರೇಸಿನವರಿಗೆ ಬರೆದಿದ್ದೆ. ಅವಳು ಮುಗಿಸಿದ್ದಳು, ತಪ್ಪು ನನ್ನದು ಎಂದು. ಅವರು ಫಲಿತಾಂಶವನ್ನು ತಿದ್ದಿದರು. ಅವಳ ಹೆಸರು ಈಗ ಮುಗಿಸಿದವರ ಸಾಲಿನಲ್ಲಿದೆ, ಎಲ್ಲರ ಕೆಳಗೆ. ಸಮಯದ ಅಂಕಣದಲ್ಲಿ ಮಾತ್ರ ಒಂದು ಅಡ್ಡಗೆರೆ. ಅದನ್ನು ತುಂಬುವುದು ಇನ್ನು ಯಾರಿಂದಲೂ ಆಗುವುದಿಲ್ಲ. ಕಡತಗಳ ಮುಂದೆ ಕೂತು ಹಳೆಯ ಗುಮಾಸ್ತರ ಮೇಲೆ ಸಿಟ್ಟು ಬಂದಾಗೆಲ್ಲ ನನಗೆ ಆ ಅಡ್ಡಗೆರೆ ಕಾಣುತ್ತದೆ. ಈ ಏಪ್ರಿಲಿನಲ್ಲಿ ಮತ್ತೆ ಮೇಜಿನ ಕೆಲಸಕ್ಕೆ ಹೆಸರು ಕೊಟ್ಟಿದ್ದೇನೆ. ಬುತ್ತಿ ಕಟ್ಟಿಕೊಂಡು ಹೋಗುತ್ತೇನೆ.